ಎಲೆ ಮಗುಚಿ ನೋಡಿ

ಕೈತೋಟ ಮಾಡುವವರು ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಹುಳುವಿನ ಹತ್ತಿರ. ಮಳೆ ಬಂತೇ ಇಲ್ಲವೇ, ಕುಂಡಕ್ಕೆ ಎಷ್ಟು ಕೊಟ್ಟಿರಿ, ಒಳ್ಳೆಯ ಕೆಮ್ಮಣ್ಣು ಎಲ್ಲಿ ಸಿಗುತ್ತದೆ, ಇದೆಲ್ಲ ಬೇಗ ಮುಗಿಯುತ್ತದೆ. ಆಮೇಲೆ ಯಾರಾದರೂ ಒಬ್ಬರು “ಅಲ್ರೀ, ನಮ್ಮ ದಂಟಿನ ಸೊಪ್ಪು ನಿನ್ನೆ ಚೆನ್ನಾಗೇ ಇತ್ತು, ಇವತ್ತು ನೋಡಿದ್ರೆ ಎಲೆಯೆಲ್ಲ ತೂತು” ಎಂದರೆ ಸಾಕು, ಉಳಿದವರೆಲ್ಲ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ಒಬ್ಬರು ಬೂದಿ ಎರಚಿ ಎನ್ನುತ್ತಾರೆ. ಇನ್ನೊಬ್ಬರು ಬೇವಿನೆಣ್ಣೆ ಎನ್ನುತ್ತಾರೆ. ಮತ್ತೊಬ್ಬರಿಗೆ ಹುಳಿ ಮಜ್ಜಿಗೆಯ ಮೇಲೆ ನಂಬಿಕೆ. ನನಗೆ ಈ ಮಾತುಕತೆ ತುಂಬ ಇಷ್ಟ. ಒಂದು ಹಿಡಿ ಸೊಪ್ಪಿಗಾಗಿ ಇಷ್ಟು ಜನ ಇಷ್ಟು ಹೊತ್ತು ತಲೆ ಕೆಡಿಸಿಕೊಳ್ಳುತ್ತಾರಲ್ಲ ಎಂದು ಖುಷಿಯಾಗುತ್ತದೆ. ಇದನ್ನೆಲ್ಲ ಕೇಳುತ್ತ, ಮಾಡಿ ನೋಡುತ್ತ ನನಗೆ ಖಚಿತವಾದ ಮಾತು ಒಂದಿದೆ: ಮನೆಯ ಸೊಪ್ಪಿನ ಹುಳುವಿಗೆ ದಿನಾ ನೋಡುವ ಕಣ್ಣು, ಹೆಕ್ಕುವ ಬೆರಳು, ಇವಕ್ಕಿಂತ ಒಳ್ಳೆಯ ಮದ್ದು ಇನ್ನೂ ಬಂದಿಲ್ಲ.

ಸೊಪ್ಪಿನ ವಿಷಯದಲ್ಲಿ ನಮ್ಮ ನಾಡು ಭಾಗ್ಯವಂತ ನಾಡು. ಹಳೇ ಮೈಸೂರಿನ ಕಡೆ ದಂಟು, ಕೀರೆ, ಚಕ್ಕೋತ, ಸಬ್ಬಸಿಗೆ. ಬೇಯಿಸಿ ಬಸಿದರೆ ಬಸ್ಸಾರು, ಮಸೆದರೆ ಮಸೊಪ್ಪು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಎದ್ದದ್ದನ್ನೆಲ್ಲ ಕೂಡಿಸಿ ಮಡಿಲು ತುಂಬಿ ತಂದರೆ ಬೆರಕೆ ಸೊಪ್ಪು. ಕರಾವಳಿಯಲ್ಲಿ ಹರಿವೆಯ ಸಾಲು, ಬಾವಿಕಟ್ಟೆಯ ಪಕ್ಕ ಬಸಳೆ ಚಪ್ಪರ. ಮಲೆನಾಡಿನಲ್ಲಿ ಒಂದೆಲಗದ ತಂಬುಳಿ. ಧಾರವಾಡ, ವಿಜಯಪುರದ ಕಡೆ ಹೋದರೆ ಪುಂಡಿ ಪಲ್ಯ, ರಾಜಗಿರಿ; ಜೋಳದ ರೊಟ್ಟಿಯ ಜೊತೆ ಮೆಂತ್ಯದ ಸೊಪ್ಪನ್ನು ಹಸಿಯಾಗಿಯೇ ತಿನ್ನುವ ರೂಢಿ. ಅಡುಗೆಗೂ ತೋಟಕ್ಕೂ ಇರುವ ಈ ನಂಟು ಹೊಸದಲ್ಲ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಆರೈಕೆ ಹೇಳುವ ವೃಕ್ಷಾಯುರ್ವೇದವೂ ಇದೆ, ಅಡುಗೆ ಹೇಳುವ ಸೂಪಶಾಸ್ತ್ರವೂ ಇದೆ. ಸಾವಿರ ವರ್ಷದ ಹಿಂದೆಯೇ ಒಬ್ಬ ಕನ್ನಡಿಗ ಗಿಡದ ರೋಗಕ್ಕೆ ಮದ್ದು, ಊಟದ ಎಲೆಗೆ ಪಲ್ಯ ಎರಡನ್ನೂ ಒಂದೇ ಪುಸ್ತಕದಲ್ಲಿ ಇಟ್ಟಿದ್ದಾನೆ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ.

ಈ ಎರಡನ್ನೂ ಬೇರೆ ಮಾಡಲಾಗದ ಬೆಳೆಯೆಂದರೆ ಸೊಪ್ಪೇ. ಬದನೆ, ಬೆಂಡೆ, ಸೋರೆಗೆ ಏನಾದರೂ ಹೊಡೆದರೆ ಅದರಲ್ಲಿ ಬಹುಪಾಲು ಬೀಳುವುದು ಎಲೆಯ ಮೇಲೆ, ನಾವು ತಿನ್ನುವುದು ಕಾಯಿಯನ್ನು. ಸೊಪ್ಪಿನಲ್ಲಿ ಹುಳು ಕೂರುವ ಎಲೆ, ನಾವು ಔಷಧಿ ಹೊಡೆಯುವ ಎಲೆ, ಒಗ್ಗರಣೆಗೆ ಹಾಕುವ ಎಲೆ ಮೂರೂ ಒಂದೇ. ಸಾಲದ್ದಕ್ಕೆ ಸೊಪ್ಪಿನ ಆಯುಸ್ಸೂ ಚಿಕ್ಕದು. ದಂಟು 25-30 ದಿನಕ್ಕೆ ಕೀಳಲು ಬರುತ್ತದೆ. ಕೀಟನಾಶಕದ ಡಬ್ಬಿಯ ಮೇಲೆ, ಹೊಡೆದ ಮೇಲೆ ಇಂತಿಷ್ಟು ದಿನ ಬಿಟ್ಟು ಕೊಯ್ಯಬೇಕು ಎಂದು ಬರೆದಿರುತ್ತದೆ. ಇವತ್ತು ಸಂಜೆ ಹುಳು ಕಂಡಿತು, ನಾಳಿದ್ದು ಸಾರಿಗೆ ಸೊಪ್ಪು ಬೇಕು ಎನ್ನುವ ಮನೆಯಲ್ಲಿ ಆ ಲೆಕ್ಕ ಕೂಡುವುದೇ ಇಲ್ಲ. ಮಾನೊಕ್ರೊಟೊಫಾಸ್ ಎಂಬ ಕೀಟನಾಶಕವನ್ನು ತರಕಾರಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ 2005ರಲ್ಲೇ ಆದೇಶ ಮಾಡಿದೆ. ಆದರೆ ಮನೆಯ ಹಿತ್ತಲಿಗೆ ಯಾವ ಆದೇಶ ಬಂದು ಕಾವಲು ಕೂರುತ್ತದೆ? ಅಲ್ಲಿ ಕಾವಲು ನಮ್ಮದೇ.

ಬೆಳಿಗ್ಗೆ ನಮ್ಮ ಬೀದಿಗೆ ಸೊಪ್ಪು ತರುವ ಅಜ್ಜಿಯೊಬ್ಬರಿದ್ದಾರೆ, ಹೊಸಕೋಟೆ ಕಡೆಯವರು. ಕಟ್ಟು ಆರಿಸುವಾಗ ಅವರೇ ಹೇಳುತ್ತಾರೆ: “ತೂತಿರೋ ಕಟ್ಟೇ ತಗಳವ್ವಾ. ಹುಳ ತಿಂದೈತೆ ಅಂದ್ರೆ ಔಸ್ದಿ ಹೊಡ್ದಿಲ್ಲ ಅಂತ.” ಈ ಮಾತನ್ನು ನೀವೂ ಕೇಳಿರುತ್ತೀರಿ. ಕೇಳಲು ಚೆನ್ನಾಗಿದೆ, ಆದರೆ ಪೂರ್ತಿ ನಂಬುವ ಹಾಗಿಲ್ಲ. ಹುಳು ಮೊದಲು ತಿಂದಿರಬಹುದು, ತೂತು ಕಂಡ ಮೇಲೆಯೇ ಔಷಧಿ ಹೊಡೆದಿರಬಹುದು. ಔಷಧಿ ಹೊಡೆದ ಮಾತ್ರಕ್ಕೆ ಆಗಿದ್ದ ತೂತು ಮುಚ್ಚುವುದಿಲ್ಲವಲ್ಲ. ನಾನು ಹಾಗೆಂದಾಗ ಅಜ್ಜಿ ತಕ್ಕಡಿ ಕೆಳಗಿಟ್ಟು, “ಅದೂ ದಿಟಾನೇ ಕಣವ್ವಾ. ಅದ್ಕೇ ನಮ್ಮನೇಗೆ ಅಂತ ಬೇಲಿ ಮಗ್ಗುಲಲ್ಲಿ ಬೇರೆ ಮಡಿ ಮಾಡ್ಕಂಡಿವ್ನಿ” ಎಂದರು. ಆ ಬೇರೆ ಮಡಿಯ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಅಂಥ ಒಂದು ಮಡಿ ಪ್ರತಿ ಮನೆಗೂ ಇರಬೇಕು, ನೆಲವಿಲ್ಲದಿದ್ದರೆ ತಾರಸಿಯ ಮೇಲೆ ನಾಲ್ಕು ಕುಂಡಗಳಾದರೂ ಇರಬೇಕು.

ಈಗ ಹುಳುಗಳ ಹತ್ತಿರ ಹೋಗೋಣ. ದಂಟಿನ ಸೊಪ್ಪಿನ ದೊಡ್ಡ ಶತ್ರು ಎಲೆ ಸುತ್ತುವ ಹುಳು. ಮಳೆಗಾಲದಲ್ಲಿ ಸಂಜೆ ಮಡಿಯ ಪಕ್ಕ ನಡೆದರೆ ಕಾಲಿನ ಸದ್ದಿಗೆ ಕಂದು ಬಣ್ಣದ, ರೆಕ್ಕೆಯ ಮೇಲೆ ಬಿಳಿ ಪಟ್ಟೆಯಿರುವ ಪುಟ್ಟ ಪತಂಗಗಳು ಎದ್ದು, ಒಂದೆರಡು ಮಾರು ಹಾರಿ ಮತ್ತೆ ಎಲೆಯಡಿಗೆ ಸೇರಿಕೊಳ್ಳುತ್ತವೆ. ಅವೇ ತಾಯಂದಿರು. ಮೊಟ್ಟೆ ಇಡುವುದು ಎಲೆಯ ಕೆಳಗಡೆ, ನರದ ಪಕ್ಕ. ಹೊರಬಂದ ಹಸಿರು ಮರಿ ಮೊದಮೊದಲು ಎಲೆಯ ಹಸಿರನ್ನಷ್ಟೇ ಕೆರೆದು ತಿನ್ನುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ತೆಳ್ಳನೆಯ ಪೊರೆ ಕಾಣುತ್ತದೆ. ಸ್ವಲ್ಪ ಬಲಿತ ಮೇಲೆ ಬಾಯಿಂದ ನೂಲು ತೆಗೆದು ಎಲೆಯ ಅಂಚನ್ನು ಎಳೆದು ಮಡಿಚಿ, ಒಳಗೆ ಕೂತು ಮೇಯುತ್ತದೆ. ಆ ಮಡಿಕೆಯನ್ನು ನಿಧಾನವಾಗಿ ಬಿಡಿಸಿ ನೋಡಿ. ಬಿಳಿ ನೂಲಿನ ಎಳೆಗಳು, ಕಪ್ಪು ಸಾಸಿವೆ ಕಾಳಿಗಿಂತ ಸಣ್ಣ ಹಿಕ್ಕೆಗಳು, ನಡುವೆ ಮೈಯುದ್ದಕ್ಕೂ ಬಿಳಿ ಗೆರೆಯಿರುವ ಹಸಿರು ಹುಳು. ಬೆಳಕು ಬಿದ್ದ ಕೂಡಲೇ ಮೈ ಕೊಡವಿ ಹಿಂದಕ್ಕೆ ಜಾರಿ ನೆಲಕ್ಕೆ ಬೀಳುತ್ತದೆ. ಮಡಿಕೆಯೊಳಗೆ ಕೂತ ಹುಳುವಿಗೆ ಮೇಲಿಂದ ಹೊಡೆದ ಔಷಧಿ ತಲುಪುವುದು ಕಷ್ಟ. ಎಡಗೈಯಲ್ಲಿ ಒಂದು ಬಟ್ಟಲು ಸೋಪಿನ ನೀರು ಹಿಡಿದು, ಬಲಗೈಯಲ್ಲಿ ಮಡಿಚಿದ ಎಲೆಗಳನ್ನು ಕಿತ್ತು ಅದಕ್ಕೆ ಹಾಕುತ್ತ ಹೋದರೆ ಒಂದು ಮಡಿಗೆ ಹತ್ತು ನಿಮಿಷದ ಕೆಲಸ. ಅಮ್ಮ ಮಗುವನ್ನು ಮುಂದೆ ಕೂರಿಸಿಕೊಂಡು ತಲೆ ನೋಡುವ ಹಾಗೆ, ಬೈತಲೆ ಬೈತಲೆ ತೆಗೆದು ಸಾಲು ಸಾಲಾಗಿ ನೋಡಬೇಕು.

ಈ ಹುಳು ದಂಟನ್ನು ತಿಂದು ಸುಮ್ಮನಿರುವುದಿಲ್ಲ. ಪಾಲಕ್ ಅದಕ್ಕೆ ಸರಿ, ಬೀಟ್‌ರೂಟ್ ಎಲೆಯೂ ಸರಿ. ದಂಟು, ರಾಜಗಿರಿ, ಕೀರೆ, ಪಾಲಕ್, ಚಕ್ಕೋತ ಇವೆಲ್ಲ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಮನೆತನ. ದಂಟು ಕಿತ್ತ ಮಡಿಗೆ ಮತ್ತೆ ಪಾಲಕ್ ಬಿತ್ತಿದರೆ ಹುಳುವಿಗೆ ಊಟ ಮುಂದುವರಿಯುತ್ತದೆ, ಅಷ್ಟೆ. ದಂಟಿನ ನಂತರ ಮೆಂತ್ಯ ಬಿತ್ತಿ. ಅದು ಅವರೆ, ಅಲಸಂದೆಯ ಬಳಗ. ಮೆಂತ್ಯದ ನಂತರ ಕೊತ್ತಂಬರಿ ಅಥವಾ ಸಬ್ಬಸಿಗೆ. ಅವು ಗಜ್ಜರಿಯ ಬಳಗ. ಹೀಗೆ ಮನೆತನ ಬದಲಾಯಿಸುತ್ತ ಬಂದರೆ ಮಣ್ಣಿನಲ್ಲಿ ಕೋಶವಾಗಿ ಕೂತ ಹುಳು ಪತಂಗವಾಗಿ ಎದ್ದು ಬಂದಾಗ ಅದರ ಮರಿಗೆ ಬೇಕಾದ ಎಲೆ ಅಲ್ಲಿ ಇರುವುದಿಲ್ಲ. ದುಡ್ಡಿಲ್ಲದ, ಸಿಂಪಡಣೆಯಿಲ್ಲದ ಉಪಾಯ ಇದು. ಎಷ್ಟೋ ಜನ ಸಾಲಿಗೆ ಸಾಲು ದಂಟನ್ನೇ ಬಿತ್ತಿ ಹುಳುವನ್ನು ಬಯ್ಯುತ್ತಾರೆ. ಬಯ್ಯುವ ಮೊದಲು ಬಿತ್ತನೆಯ ಸರದಿ ನೋಡಿಕೊಳ್ಳುವುದು ಮೇಲು.

ಹೇನಿನದು ಬೇರೆ ಕಥೆ. ಎಳೆ ಕುಡಿಯ ಕೆಳಗೆ ಹಸಿರಾಗಿಯೋ ಕಪ್ಪಾಗಿಯೋ ಗುಂಪುಗೂಡಿ ಕೂತು ರಸ ಹೀರುತ್ತವೆ. ನಮ್ಮ ಹವೆಯಲ್ಲಿ ಹೆಣ್ಣು ಹೇನಿಗೆ ಗಂಡು ಬೇಕಿಲ್ಲ, ಮೊಟ್ಟೆಯ ಹಂಗೂ ಇಲ್ಲ. ನೇರವಾಗಿ ಮರಿ ಹಾಕುತ್ತದೆ. ಹುಟ್ಟುವ ಮರಿಯ ಹೊಟ್ಟೆಯಲ್ಲಿ ಆಗಲೇ ಅದರ ಮರಿ ಬೆಳೆಯಲು ಶುರುವಾಗಿರುತ್ತದೆ. ಒಂದು ವಾರ ಕಣ್ಣು ತಪ್ಪಿದರೆ ಕುಡಿಯೆಲ್ಲ ತುಂಬಿಹೋಗುವುದು ಇದಕ್ಕೇ. ಹೇನು ಎಲ್ಲಿದೆ ಎಂದು ಹುಡುಕುವ ಸುಲಭ ದಾರಿ ಇರುವೆಯ ಸಾಲು. ಹೇನು ವಿಸರ್ಜಿಸುವ ಸಿಹಿ ಅಂಟಿಗಾಗಿ ಇರುವೆಗಳು ಬರುತ್ತವೆ, ಬಂದು ಹೇನನ್ನು ಕಾಯುತ್ತವೆ, ಹೇನು ತಿನ್ನಲು ಬಂದ ಹುಳುಗಳನ್ನು ಓಡಿಸುತ್ತವೆ. ಇರುವೆ ಗಿಡ ಹತ್ತುತ್ತಿದ್ದರೆ ಅದರ ಹಿಂದೆಯೇ ಹೋಗಿ ನೋಡಿ, ಹೇನಿನ ಮನೆ ಸಿಗುತ್ತದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಜೋರಾಗಿ ನೀರು ಬಿಟ್ಟರೆ ಅರ್ಧಕ್ಕರ್ಧ ಉದುರಿಹೋಗುತ್ತವೆ. ಉದುರಿದವುಗಳಲ್ಲಿ ಬಹಳಷ್ಟಕ್ಕೆ ಮತ್ತೆ ಗಿಡ ಹತ್ತಲಾಗುವುದಿಲ್ಲ. ಉಳಿದವಕ್ಕೆ ತೆಳ್ಳಗೆ ಸೋಪಿನ ನೀರು. ಗಿಡಕ್ಕೆ ಯೂರಿಯಾ ಜಾಸ್ತಿ ಹಾಕುವವರ ಮನೆಯಲ್ಲಿ ಹೇನೂ ಜಾಸ್ತಿ. ಸಾರಜನಕ ಹೆಚ್ಚಾದ ಎಲೆ ದಪ್ಪವಾಗಿ, ಮೆತ್ತಗೆ, ರಸ ತುಂಬಿ ಬೆಳೆಯುತ್ತದೆ. ಹೇನಿಗೆ ಬೇಕಾದದ್ದೂ ಅದೇ.

ಪಾಲಕ್ ಎಲೆಯ ಮೇಲೆ, ಬೀನ್ಸ್ ಎಲೆಯ ಮೇಲೆ ಬಿಳಿ ಗೆರೆ ಅಂಕುಡೊಂಕಾಗಿ ಹರಿದಿರುವುದನ್ನು ನೋಡಿರುತ್ತೀರಿ. ಅದು ರಂಗೋಲಿ ಹುಳುವಿನ ಕೆಲಸ. ಕಪ್ಪು-ಹಳದಿ ಬಣ್ಣದ ಚಿಕ್ಕ ನೊಣವೊಂದು ಎಲೆಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಮರಿ ಎಲೆಯ ಮೇಲ್ಪೊರೆ ಮತ್ತು ಕೆಳಪೊರೆಯ ನಡುವೆ ಸುರಂಗ ಕೊರೆಯುತ್ತ ಹೋಗುತ್ತದೆ. ಗೆರೆ ಶುರುವಾಗುವಲ್ಲಿ ಸಣ್ಣಗೆ, ಮುಂದೆ ಹೋದಂತೆ ಅಗಲ. ಮರಿ ಬೆಳೆದ ಅಳತೆಯೂ ಅದೇ. ಅಗಲ ತುದಿಯನ್ನು ಬೆಳಕಿಗೆ ಹಿಡಿದರೆ ಹಳದಿ ಚುಕ್ಕೆಯಂತೆ ಮರಿ ಕಾಣುತ್ತದೆ. ಅಮೆರಿಕದ ಕಡೆಯ ಈ ನೊಣ ನಮ್ಮ ದೇಶಕ್ಕೆ ಬಂದದ್ದು 1990ರ ದಶಕದ ಆರಂಭದಲ್ಲಿ. ಎಲೆಯ ಒಳಗಿರುವುದರಿಂದ ಬೂದಿ, ಸೋಪು ಯಾವುದೂ ಅದಕ್ಕೆ ತಾಗುವುದಿಲ್ಲ. ಗೆರೆ ಕಂಡ ಎಲೆಯನ್ನು ಕಿತ್ತು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಿಲಿಗಿಡಬೇಕು. ಕಿತ್ತ ಎಲೆಯನ್ನು ಗಿಡದ ಬುಡಕ್ಕೇ ಹಾಕಿದರೆ ಮರಿ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗುತ್ತದೆ. ಹಳದಿ ಬಣ್ಣ ಈ ನೊಣಕ್ಕೂ ಬಿಳಿ ನೊಣಕ್ಕೂ ಬಹಳ ಇಷ್ಟ. ಹಳದಿ ತಗಡಿಗೆ ಹರಳೆಣ್ಣೆ ಸವರಿ ಮಡಿಯ ಮೇಲೆ ತೂಗುಹಾಕಿದರೆ ಸಾಕಷ್ಟು ನೊಣ ಅಂಟಿಕೊಳ್ಳುತ್ತವೆ.

ಹುಳುವಿನ ಮಾತಿನ ನಡುವೆ ಬಸವನಹುಳುವನ್ನು ಬಿಡಲಾಗುವುದಿಲ್ಲ. ಅದು ಕೀಟವಲ್ಲದಿದ್ದರೂ ಸೊಪ್ಪಿನ ಪಾಲಿಗೆ ದೊಡ್ಡ ಕಾಟ. ದಪ್ಪ ಶಂಖ ಹೊತ್ತು ಬೆಂಗಳೂರಿನ ಕಾಂಪೌಂಡ್ ಗೋಡೆಗಳ ಮೇಲೆ ಮಳೆಗಾಲದಲ್ಲಿ ಹತ್ತುವ ಆಫ್ರಿಕಾದ ದೈತ್ಯ ಬಸವನಹುಳುವನ್ನು 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಶಂಖ-ಚಿಪ್ಪುಗಳ ಪರಿಣತ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ಚೌರಂಗಿಯ ತೋಟವೊಂದರಲ್ಲಿ ಬಿಡಿಸಿದ್ದ. ಆ ಒಂದು ತೋಟದಿಂದ ಅದು ನಮ್ಮ ಬಸಳೆ ಚಪ್ಪರದವರೆಗೆ ಬಂದಿದೆ. ಅದು ಹೊರಗೆ ಬರುವುದು ರಾತ್ರಿ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆ, ಕೋಸಿನ ಹೊರ ಎಲೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಎಲ್ಲ ಅಲ್ಲೇ ಸೇರಿರುತ್ತವೆ. ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕಬಹುದು. ಆದರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳಿಗೂ ಮುಟ್ಟಲು ಬಿಡಬೇಡಿ. ಮಿದುಳಿಗೆ ತೊಂದರೆ ಕೊಡುವ ಪರೋಪಜೀವಿ ಅದರ ಮೈಯಲ್ಲಿ ಇರಬಹುದು. ಅದು ಹರಿದಾಡಿದ ಸೊಪ್ಪನ್ನು ಚೆನ್ನಾಗಿ ತೊಳೆದು, ಬೇಯಿಸಿಯೇ ತಿನ್ನಬೇಕು.

ಹುಳುವನ್ನು ಕೂತು ನೋಡುವ ಕೆಲಸವನ್ನು ನಮ್ಮ ನಾಡಿನಲ್ಲಿ ಸರ್ಕಾರಿ ಕೆಲಸವಾಗಿ ಮೊದಲು ಕೈಗೆತ್ತಿಕೊಂಡವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು, ಮುಂದೆ ಇಲ್ಲಿನ ಕೃಷಿ ಇಲಾಖೆಯ ನಿರ್ದೇಶಕರಾದರು. ಮಲೆನಾಡಿನ ಅಡಿಕೆ ತೋಟದ ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು ರೂಢಿಗೆ ತಂದವರು ಅವರೇ. ಇವತ್ತಿಗೂ ಮಳೆಗಾಲ ಬಂತೆಂದರೆ ಅಡಿಕೆ ಬೆಳೆಗಾರರು ಮೈಲುತುತ್ತ, ಸುಣ್ಣ ಹೊಂದಿಸುವುದು ಆ ಕಾಲದಿಂದ ಬಂದ ಪಾಠ. ಬಯಲುಸೀಮೆಯ ಜೋಳ ತಿನ್ನುವ ರೆಕ್ಕೆಯಿಲ್ಲದ ಮಿಡತೆಯನ್ನೂ ಅವರು ಬಿಡದೆ ಹಿಂಬಾಲಿಸಿ ಅದರ ಬದುಕನ್ನು ಬರೆದಿಟ್ಟರು. ಆ ಮಿಡತೆಯ ವೈಜ್ಞಾನಿಕ ಹೆಸರೇ ‘ಕೋಲ್ಮೇನಿಯ’. ಮಿಡತೆ ಮೊಟ್ಟೆಯಿಡುವುದು ಮಣ್ಣಿನಲ್ಲಿ ಎಂದು ಗೊತ್ತಾದರೆ ನೆಲ ಉತ್ತು ಮೊಟ್ಟೆಯನ್ನು ಬಿಸಿಲಿಗೆ ತೋರಿಸುವ ಉಪಾಯ ತಾನಾಗಿ ಹೊಳೆಯುತ್ತದೆ. ಹುಳು ಎಲ್ಲಿ ಹುಟ್ಟುತ್ತದೆ, ಎಲ್ಲಿ ಅಡಗುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಅದು ನಾಲ್ಕು ಕುಂಡದ ತಾರಸಿ ತೋಟಕ್ಕೂ ಸಲ್ಲುವ ಮಾತು.

ಹೆಕ್ಕಿದ್ದು, ತೊಳೆದದ್ದು ಸಾಲದೆ ಬಂದರೆ ಆಗ ಬೇವು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಬೇವು ಸುಳ್ಳು ಮಾಡಿದಷ್ಟು ಇನ್ನಾವ ಮರವೂ ಮಾಡಿಲ್ಲ. 1959ರಲ್ಲಿ ಸುಡಾನಿನಲ್ಲಿ ಮಿಡತೆಯ ದಂಡು ಬಿದ್ದು ಕಂಡ ಹಸಿರನ್ನೆಲ್ಲ ಬೋಳಿಸಿದಾಗ ಬೇವಿನ ಮರಗಳು ಮಾತ್ರ ಹಾಗೇ ಉಳಿದದ್ದನ್ನು ಜರ್ಮನಿಯ ಕೀಟವಿಜ್ಞಾನಿ ಹೈನ್ರಿಷ್ ಶ್ಮುಟರರ್ ಕಣ್ಣಾರೆ ಕಂಡರು. ದೆಹಲಿಯಲ್ಲಿ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ಕಷಾಯ ಸಿಂಪಡಿಸಿದ ಬೆಳೆಯನ್ನು ಮಿಡತೆ ಮುಟ್ಟುವುದಿಲ್ಲವೆಂದು 1962ರಲ್ಲಿ ಬರೆದರು. ನಮ್ಮ ಅಜ್ಜಿಯರು ಅಕ್ಕಿ ಡಬ್ಬಕ್ಕೆ ಬೇವಿನೆಲೆ ಹಾಕುತ್ತಿದ್ದದ್ದು ಇದಕ್ಕೂ ಎಷ್ಟೋ ಮುಂಚೆ. ಇಷ್ಟಿದ್ದೂ ಬೇವಿನೆಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಅಮೆರಿಕದ ಕಂಪನಿಯೊಂದು ಅಲ್ಲಿನ ಕೃಷಿ ಇಲಾಖೆಯ ಜೊತೆ ಸೇರಿ ಯುರೋಪಿನಲ್ಲಿ ಪೇಟೆಂಟ್ ಪಡೆದಿತ್ತು. ವಂದನಾ ಶಿವ ಮತ್ತು ಸಂಗಡಿಗರು ಹಟ ಹಿಡಿದು ಹೋರಾಡಿ 2000ದಲ್ಲಿ ಅದನ್ನು ರದ್ದು ಮಾಡಿಸಿದರು. 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು.

ಬೇವಿನ ಬೀಜದ ತಿರುಳು ಸಿಕ್ಕರೆ 50 ಗ್ರಾಂ ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕಲಸಿದರೆ ಮದ್ದು ಸಿದ್ಧ. ಬೇವಿನೆಣ್ಣೆಯಾದರೆ ಲೀಟರಿಗೆ 5 ಮಿಲಿ ಸಾಕು. ಸೋಪು ಹಾಕದಿದ್ದರೆ ಎಣ್ಣೆ ಮೇಲೆ ತೇಲುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೇವಿನ ಸೋಪು, ಹೊಂಗೆ ಸೋಪುಗಳನ್ನೇ ತಯಾರಿಸಿದ್ದಾರೆ. ಲೀಟರಿಗೆ 5ರಿಂದ 10 ಗ್ರಾಂ ಕರಗಿಸಿ ಸಿಂಪಡಿಸಬಹುದು. ಸಂಜೆ ಹೊತ್ತು, ಎಲೆಯ ಕೆಳಭಾಗ ಒದ್ದೆಯಾಗುವಂತೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಳೆ ಎಲೆ ಸುಡುತ್ತದೆ. ಬೇವು ತಿಂದ ಹುಳು ಆ ಕ್ಷಣ ಸಾಯುವುದಿಲ್ಲ; ಮೇಯುವುದು ಬಿಡುತ್ತದೆ, ಪೊರೆ ಕಳಚಲಾಗದೆ ಸೊರಗುತ್ತದೆ. ಹಾಗಾಗಿ ಮಾರನೆಯ ದಿನ ಹುಳು ಕಂಡಿತೆಂದು ಮತ್ತೆ ಮತ್ತೆ ಹೊಡೆಯಬೇಡಿ. ನಾಲ್ಕೈದು ದಿನ ಬಿಟ್ಟು ಕೊಯ್ದು ತೊಳೆದರೆ ಪಲ್ಯ ಕಹಿಯಾಗುವುದಿಲ್ಲ. ಬಚ್ಚಲೊಲೆಯ ಬೂದಿಯನ್ನೂ ಮರೆಯಬೇಡಿ. ಬೆಳಗಿನ ಇಬ್ಬನಿ ಆರುವ ಮುಂಚೆ ಜಾಲರಿಯಲ್ಲಿ ತೆಳ್ಳಗೆ ಜಾಲಿಸಿದರೆ ಎಲೆಗೆ ಅಂಟಿಕೊಳ್ಳುತ್ತದೆ, ಮೆತ್ತನೆಯ ಮೈಯ ಹುಳುಗಳಿಗೆ ಆಗಿಬರುವುದಿಲ್ಲ. ಸೌದೆಯ ಬೂದಿಯೇ ಆಗಬೇಕು. ಪ್ಲಾಸ್ಟಿಕ್ಕು, ಕಸ ಸುಟ್ಟ ಬೂದಿ ಬೇಡ. ಇನ್ನು ಹೊಗೆಸೊಪ್ಪಿನ ಕಷಾಯ. ಗಿಡದಿಂದ ಬಂದದ್ದು, ಮನೆಯಲ್ಲೇ ಮಾಡಿದ್ದು ಎಂಬ ಕಾರಣಕ್ಕೆ ಅದನ್ನು ಸೊಪ್ಪಿಗೆ ಹೊಡೆಯುವವರಿದ್ದಾರೆ. ಅದರಲ್ಲಿರುವ ನಿಕೋಟಿನ್ ಮನುಷ್ಯರಿಗೂ ವಿಷ. ಸೊಪ್ಪಿನ ಮಡಿಗೆ ಅದು ಬೇಡವೇ ಬೇಡ.

ರಾಮನಗರ, ಶಿಡ್ಲಘಟ್ಟ, ಚಿಂತಾಮಣಿಯ ಕಡೆಯವರಿಗೆ ಇನ್ನೊಂದು ಎಚ್ಚರಿಕೆ. ಬಿಟಿ ಎಂಬ ಬ್ಯಾಕ್ಟೀರಿಯಾದ ಪುಡಿ ಎಲೆ ತಿನ್ನುವ ಹುಳುಗಳಿಗೆ ಒಳ್ಳೆಯ ಮದ್ದು ಎಂದು ಮಾರುತ್ತಾರೆ. ಆದರೆ ಆ ಬ್ಯಾಕ್ಟೀರಿಯಾ ಮೊದಲು ಪತ್ತೆಯಾದದ್ದೇ 1901ರಲ್ಲಿ, ಜಪಾನಿನಲ್ಲಿ, ಸತ್ತ ರೇಷ್ಮೆಹುಳುವಿನ ಮೈಯಲ್ಲಿ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಬಿಟಿ ಪುಡಿಯನ್ನು ಮುಟ್ಟಲೇಬಾರದು, ಬೇವನ್ನೂ ಗಾಳಿ ನೋಡಿ ಹೊಡೆಯಬೇಕು. ನಮ್ಮ ಸೊಪ್ಪು ಉಳಿಸಿಕೊಳ್ಳಲು ಹೋಗಿ ಪಕ್ಕದ ಮನೆಯವರ ಗೂಡು ಹಾಳಾಗಬಾರದು. ಗಾಳಿಗೆ ಬೇಲಿಯಿಲ್ಲ ಎಂಬುದನ್ನು ಕರಾವಳಿಯವರು ಬಹಳ ದೊಡ್ಡ ಬೆಲೆ ತೆತ್ತು ತಿಳಿದಿದ್ದಾರೆ. ಕಾಸರಗೋಡಿನಲ್ಲಿ, ದಕ್ಷಿಣ ಕನ್ನಡದ ಕೊಕ್ಕಡದ ಸುತ್ತ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದ್ದು ಚಹಾ ಸೊಳ್ಳೆ ಎಂಬ ಒಂದು ಸಣ್ಣ ಕೀಟಕ್ಕಾಗಿ. ಅದು ಬಾವಿಗೂ ಬಿತ್ತು, ಕೆರೆಗೂ ಬಿತ್ತು, ಹಿತ್ತಲ ಬಸಳೆಗೂ ಬಿತ್ತು. ಗಡಿಭಾಗದ ಹಳ್ಳಿಯಲ್ಲೇ ಕೂತು ಈ ಅನ್ಯಾಯದ ಬಗ್ಗೆ ಮೊದಮೊದಲು ಬರೆದವರಲ್ಲಿ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ಒಬ್ಬರು. ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಾಗಿತ್ತು. ಕೀಟನಾಶಕದ ಮಾತು ಬಂದಾಗಲೆಲ್ಲ ನನಗೆ ಆ ತಾಯಂದಿರು ನೆನಪಾಗುತ್ತಾರೆ.

ಹುಳುವನ್ನೆಲ್ಲ ಶತ್ರುವೆಂದು ತಿಳಿಯುವುದೂ ತಪ್ಪು. ಹೇನಿನ ಗುಂಪಿನ ನಡುವೆ ಕಪ್ಪು ಮೈ, ಕಿತ್ತಳೆ ಚುಕ್ಕೆ, ಆರು ಕಾಲಿನ, ಮೊಸಳೆಯಾಕಾರದ ಮರಿಯೊಂದು ಓಡಾಡುತ್ತಿದ್ದರೆ ಹೊಸಕಬೇಡಿ. ಅದು ಗುಲಗಂಜಿ ಹುಳುವಿನ ಮರಿ. ದೊಡ್ಡದಾಗುವಷ್ಟರಲ್ಲಿ ನೂರಾರು ಹೇನು ತಿಂದಿರುತ್ತದೆ. ಎಲೆ ತಿನ್ನುವ ಹುಳುವಿನ ಪಕ್ಕ ಅಕ್ಕಿಕಾಳಿಗಿಂತ ಸಣ್ಣ, ಬಿಳಿ ಗೂಡುಗಳು ಅಂಟಿಕೊಂಡಿದ್ದರೆ ಆ ಹುಳುವನ್ನೂ ಹಾಗೇ ಬಿಡಿ. ಕಣಜದ ಮರಿಗಳು ಅದರ ಮೈ ತಿಂದು ಹೊರಬಂದು ಕಟ್ಟಿದ ಗೂಡುಗಳು ಅವು. ಕಣಜದ ಶಕ್ತಿ ಎಷ್ಟೆಂದು ತಿಳಿಯಲು ಪರಂಗಿ ಗಿಡ ನೋಡಿದರೆ ಸಾಕು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಬಿಳಿ ಹಿಟ್ಟುತಿಗಣೆ ಪರಂಗಿ, ಹಿಪ್ಪುನೇರಳೆ, ದಾಸವಾಳಗಳನ್ನೆಲ್ಲ ಮುತ್ತಿತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೀಟ ಸಂಶೋಧನಾ ಬ್ಯೂರೊದ ವಿಜ್ಞಾನಿಗಳು 2010ರಲ್ಲಿ ಪೋರ್ಟೊರಿಕೊದಿಂದ ಕಣ್ಣಿಗೆ ಕಾಣುವುದೂ ಕಷ್ಟವಾದ ಕಣಜಗಳನ್ನು ತರಿಸಿ ಬಿಟ್ಟರು. ಹೊಡೆದ ಔಷಧಿಗೆ ಜಗ್ಗದ ತಿಗಣೆ ಆ ಕಣಜಕ್ಕೆ ಸೋತಿತು. ಇಂಥ ಕಣಜಗಳು ನಮ್ಮ ಮಡಿಗೆ ಬರಬೇಕಾದರೆ ಅವಕ್ಕೆ ಮಕರಂದ ಬೇಕು. ಒಂದೆರಡು ಸಬ್ಬಸಿಗೆ, ಕೊತ್ತಂಬರಿ ಗಿಡಗಳನ್ನು ಕೀಳದೆ ಹೂಬಿಡಲು ಬಿಟ್ಟರೆ ಅಷ್ಟೇ ಸಾಕು.

ಕರಿಬೇವಿನ ಗಿಡದಲ್ಲಿ ಹಕ್ಕಿ ಹಿಕ್ಕೆಯ ಬಣ್ಣದ ಹುಳುವೊಂದು ಕೂತಿರುತ್ತದೆ, ಬೆಳೆದ ಮೇಲೆ ಎಲೆಯ ಹಸಿರಿಗೆ ತಿರುಗುತ್ತದೆ. ಕಡ್ಡಿಯಲ್ಲಿ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಬಣ್ಣದ ಕವಲು ಕೊಂಬು ಹೊರಬಂದು ಘಾಟು ವಾಸನೆ ಹರಡುತ್ತದೆ. ಗಿಡ ದೊಡ್ಡದಿದ್ದರೆ ಅದಕ್ಕೊಂದು ಕೊಂಬೆ ಬಿಟ್ಟುಕೊಡಿ. ಗಿಡ ಸಣ್ಣದಿದ್ದರೆ ಹುಳುವನ್ನು ಜಾಲರಿ ಮುಚ್ಚಿದ ಡಬ್ಬಿಯಲ್ಲಿ ಬಿಟ್ಟು, ದಿನಾ ಎರಡು ಎಲೆ ಹಾಕಿ ಮಕ್ಕಳಿಗೆ ತೋರಿಸಿ. ಕೋಶ ಒಡೆದು ಕಪ್ಪು ರೆಕ್ಕೆಯ ಚಿಟ್ಟೆ ಬಂದಾಗ ಆ ಮಕ್ಕಳ ಮುಖ ನೋಡಬೇಕು. ಬಿತ್ತುವಾಗಲೂ ಇದೇ ಔದಾರ್ಯ ಕೆಲಸಕ್ಕೆ ಬರುತ್ತದೆ. ದಂಟಿನ ಬೀಜ ಚೆಲ್ಲಿದ ಕೂಡಲೇ ಇರುವೆ ಹೊತ್ತೊಯ್ಯುತ್ತದೆ. ಬೀಜವನ್ನು ಮರಳಿನ ಜೊತೆ ಬೆರೆಸಿ ಚೆಲ್ಲಿ, ಮಡಿಯ ಅಂಚಿಗೆ ಒಂದು ಹಿಡಿ ರವೆ ಉದುರಿಸಿ. ಇರುವೆ ರವೆಯ ಪಾಲಿಗೆ ಹೋಗುತ್ತದೆ. ಇಷ್ಟೂ ಬೇಡ, ಸುಲಭದ್ದು ಹೇಳಿ ಎನ್ನುವವರಿಗೆ ಹಳೆಯ ಸೊಳ್ಳೆ ಪರದೆಯಿದೆ. ಬಿತ್ತಿದ ದಿನವೇ ನಾಲ್ಕು ಕಡ್ಡಿ ನೆಟ್ಟು ಮಡಿಯ ಮೇಲೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿದರೆ ಹೊರಗಿನ ಪತಂಗ ಒಳಗೆ ಮೊಟ್ಟೆಯಿಡಲಾರದು. ಸೊಪ್ಪಿಗೆ ಹೂವು, ಕಾಯಿ ಬೇಕಿಲ್ಲವಾದ್ದರಿಂದ ದುಂಬಿ ಬರಲಿಲ್ಲ ಎಂಬ ಚಿಂತೆಯೂ ಇಲ್ಲ.

ಮನೆಯಲ್ಲಿ ಬೆಳೆದ ಸೊಪ್ಪು ಅಂಗಡಿಯ ಸೊಪ್ಪಿನಷ್ಟು ಚೆಂದ ಕಾಣಬೇಕೆಂದೇನೂ ಇಲ್ಲ. ಎರಡು ತೂತಿನ ಎಲೆಯನ್ನು ಉಪ್ಪು ನೀರಿನಲ್ಲಿ ಹತ್ತು ನಿಮಿಷ ಅದ್ದಿಟ್ಟು, ಮತ್ತೆರಡು ಸಲ ಒಳ್ಳೆಯ ನೀರಿನಲ್ಲಿ ತೊಳೆದು ಹೆಚ್ಚಿದರೆ ಬಸ್ಸಾರಿನ ರುಚಿಯಲ್ಲಿ ಒಂದು ಗುಂಜಿಯಷ್ಟೂ ವ್ಯತ್ಯಾಸವಾಗುವುದಿಲ್ಲ. ಹುಳುವಿಗೆ ನೂರಕ್ಕೆ ಹತ್ತು ಎಲೆ ಹೋದರೆ ಹೋಗಲಿ, ಉಳಿದ ತೊಂಬತ್ತು ನಮಗೆ ಧಾರಾಳ. ನಿಮ್ಮಲ್ಲಿ ನನ್ನದೊಂದೇ ಕೋರಿಕೆ: ಕೀಟನಾಶಕದ ಬಾಟಲಿಯನ್ನು ಮನೆಯ ಹೊಸ್ತಿಲ ಒಳಗೆ ತರಬೇಡಿ. ಅದನ್ನು ಕೊಳ್ಳಲು ಅಂಗಡಿಗೆ ಹೋಗಿಬರುವ ಹೊತ್ತನ್ನು ಮಡಿಯ ಪಕ್ಕ ಕಳೆಯಿರಿ, ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ, ಒಂದೊಂದೇ ಎಲೆ ಮಗುಚಿ ನೋಡಿ.